ಕೊನೆಯ ತೂಬು

ಸಿರವಾರ ದಾಟಿ ಎಡದಂಡೆ ತೆಳ್ಳಗಾಗುವಲ್ಲಿ
ಮೌಲಪ್ಪ ಗೇಜುಕಲ್ಲಿನೆದುರು ಕುಕ್ಕರಗಾಲಲ್ಲಿ ಕೂತಿದ್ದಾನೆ.
ಬೀಡಿ ಕಿವಿಯ ಮೇಲೆ, ಇನ್ನೂ ಹಚ್ಚಿಲ್ಲ.
ನೀರು ಎರಡು ಅಡಿ ಮೂರು ಇಂಚು.
ಅದನ್ನು ಬರೆಯಲು ಇಲಾಖೆ ವಹಿ ಕೊಟ್ಟಿದೆ.
ವಹಿಯಲ್ಲಿ ಜಾಗವಿಲ್ಲದ್ದನ್ನು ನನಗೆ ಹೇಳುತ್ತಾನೆ:

"ಸಿಂಧನೂರು ಕಡಿ ಯಾರೋ ರಾತ್ರಿ ತೂಬು ಎತ್ಯಾರ.
ಎತ್ತಿ ಒಂದು ತಾಸಿಗೆ ಮತ್ತ ಇಳಿಸ್ಯಾರ.
ಅಂಜಿಕಿ ಆಗ್ಯದ ಅವರಿಗೆ."

ಹೇಗೆ ಗೊತ್ತು ಅಂದೆ.

"ನೀರು ಹೇಳ್ತದಲ್ರೀ ಮೇಡಂ.
ಒಮ್ಮೆ ಕುಗ್ಗಿತು, ಆಮ್ಯಾಗ ಉಬ್ಬಿತು.
ಇಪ್ಪತ್ತಾರು ವರ್ಷ ಇದೊಂದೇ ಕಲ್ಲು ನೋಡೀನಿ.
ಮ್ಯಾಲೆ ಹೋಗಿ ನೋಡಾಕ ನಂಗ ಸೈಕಲ್ಲೂ ಇಲ್ಲ."

ನಾನು ಬಂದದ್ದು ಬೇರೆ ನೀರಿನಿಂದ.
ರಾಯಚೂರಿನ ಕಾಲೇಜಿನ ಎರಡನೇ ಮಹಡಿ,
ಫ್ಯಾನು ಕಿರುಗುಟ್ಟುವ ಒಂದು ಕಂಪ್ಯೂಟರು,
ಅದರೊಳಗೆ ಹೆಸರಿಲ್ಲದ ಯಾರದೋ ಮಿದುಳಿನ ನಕ್ಷೆ:
ಸಾವಿರ ಗಂಟು, ಗಂಟಿನಿಂದ ಗಂಟಿಗೆ ಎಳೆ.
ಅದರಂತೆಯೇ ಜಾಲ ಕಟ್ಟಿ
ಈ ತುದಿಯಿಂದ ಅಂಕಿ ಸುರಿಯುತ್ತೇನೆ.
ಅವು ಒಳಗೆ ಸುತ್ತಿ, ಢಿಕ್ಕಿ ಹೊಡೆದು,
ಹಳೆಯದು ಹೊಸದರ ಬೆನ್ನೇರಿ
ಆ ತುದಿಯಲ್ಲಿ ತೇಲುತ್ತವೆ.
ನಡುವಿನ ಒಂದೆಳೆಯನ್ನೂ ಮುಟ್ಟುವಂತಿಲ್ಲ, ಅದು ಕರಾರು.
ಪಾಠ ಹೇಳುವುದು
ಕೊನೆಯಲ್ಲಿ ಕೂತು ಓದುವವನಿಗೆ ಮಾತ್ರ.

ಈ ಬಗೆಯ ಲೆಕ್ಕಕ್ಕೆ ಪುಸ್ತಕದಲ್ಲಿರುವ ಹೆಸರು
ಜಲಾಶಯ.
ಡ್ಯಾಮಿನ ನೀರು ಕುಡಿದು ಬೆಳೆದವಳು
ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಆಮೇಲೊಂದು ಸಂಜೆ, ಕರೆಂಟು ಹೋಗುವ ಮುಂಚೆ,
ಎಳೆಗಳನ್ನೆಲ್ಲ ಕಲಸಿ ನೋಡಿದೆ.
ಅಷ್ಟೇ ಗಂಟು, ಅಷ್ಟೇ ಎಳೆ;
ಯಾವುದು ಯಾವುದಕ್ಕೆ ಅನ್ನುವುದು ಮಾತ್ರ ಚೀಟಿ ಎತ್ತಿದ ಹಾಗೆ.
ಜಾಲ ಕೆಡುತ್ತದೆ ಅಂದುಕೊಂಡಿದ್ದೆ.
ಕೆಡಲಿಲ್ಲ.
ಒಂದು ಕೈ ಹೆಚ್ಚೇ ನೆನಪಿಟ್ಟುಕೊಂಡಿತು.
ಎರಡು ವಾರ ಯಾರಿಗೂ ಹೇಳಲಿಲ್ಲ.
ಕೋಟಿ ವರ್ಷ ಕಟ್ಟಿದ ಮಿದುಳಿಗಿಂತ ಚೀಟಿ ಎತ್ತಿದ್ದೇ ಮೇಲು
ಎಂದು ಯಾವ ಬಾಯಿಂದ ಹೇಳಲಿ?

ಅದನ್ನು ಮೌಲಪ್ಪನಿಗೆ ಹೇಳಿದೆ, ಕಾಲುವೆಯ ಮಾತಿನಲ್ಲಿ:
ಎಲ್ಲರಿಗೂ ಎಲ್ಲಿಂದಾದರೂ ನೀರು ಬಂದರೆ
ಒಳ್ಳೆಯದೇ ಅಲ್ಲವೇ?

ಬೀಡಿ ಕಿವಿಯಿಂದ ತೆಗೆದ, ಮತ್ತೆ ಅಲ್ಲೇ ಇಟ್ಟ.
"ಎಲ್ಲಾ ಹೊಲಕ್ಕೂ ಡ್ಯಾಮಿನಿಂದ ಸೀದಾ ಕಾಲುವಿ ತಗದ್ರ
ಬಿತ್ತಾಕ ಹೊಲ ಎಲ್ಲಿ ಉಳೀತದ್ರೀ?"

ಆ ರಾತ್ರಿ ಎಳೆಗಳ ಉದ್ದ ಕೂಡಿಸಿದೆ.
ಕಲಸಿದ ಜಾಲ ಯಾವ ತಲೆಬುರುಡೆಯಲ್ಲೂ ಹಿಡಿಯುವಂತಿರಲಿಲ್ಲ.
ಮಿದುಳು ಜಿಪುಣ.
ಪಕ್ಕದ ಮನೆಗೆ ಹತ್ತು ದಾರಿ,
ದೂರದೂರಿಗೆ ಒಂದೋ ಎರಡೋ;
ಆ ಒಂದೆರಡರ ಮೇಲೇ ಸಂತೆ ನಡೆಯುತ್ತದೆ.
ಕೊಟ್ಟ ಎಳೆಗೆ ಸಿಕ್ಕ ನೆನಪಿನ ಲೆಕ್ಕದಲ್ಲಿ
ಅದನ್ನು ಮೀರಿಸಲು ನನ್ನ ಚೀಟಿಗಳಿಗೆ ಆಗಲಿಲ್ಲ.

ಅದೂ ಒಂದು ಮಟ್ಟದಲ್ಲಿ ಮಾತ್ರ.
ಇಳಿಸಿದರೆ ಸುರಿದ ಅಂಕಿ ನಡುದಾರಿಯಲ್ಲೇ ಹಿಂಗುತ್ತದೆ.
ಏರಿಸಿದರೆ ಎಲ್ಲ ಗಂಟುಗಳೂ ಒಟ್ಟಿಗೆ ಕೂಗಿ
ಯಾರ ಮಾತೂ ಕೇಳುವುದಿಲ್ಲ.
ನಡುವೆ ಕೂದಲೆಳೆಯಷ್ಟು ಒಂದು ಅಂಚು.
ದಂಡೆಯ ತುಟಿಗೆ ತಾಗಿ, ಒಡೆಯದೆ ಹರಿಯುವ
ಶ್ರಾವಣದ ಕಾಲುವೆಗೆ ಅದು ಗೊತ್ತು.
ರಾತ್ರಿಯಿಡೀ ದಂಡೆ ಕಾಯುವ ಮೌಲಪ್ಪನಿಗೂ.

ಇವತ್ತು ಲ್ಯಾಪ್‌ಟಾಪ್ ಒಯ್ದು ತೋರಿಸಿದೆ.
ಗಂಟುಗಳು ಮಿನುಗುವುದನ್ನು ಅಷ್ಟಾಗಿ ನೋಡಲಿಲ್ಲ.
ತುದಿಯ ಚೌಕಕ್ಕೆ ಬೆರಳಿಟ್ಟ.
"ಇಲ್ಲಿ ಕುಂತಾಂವಗ ಏನು ಕೊಡ್ತೀರಿ?"

ತೂಕ, ಅಂದೆ.
ಪ್ರತಿ ಎಳೆಯ ಮಾತಿಗೂ ಇಷ್ಟಿಷ್ಟು ತೂಕ.
ತಪ್ಪಿದಾಗೆಲ್ಲ ತಿದ್ದಿಕೊಳ್ಳುತ್ತಾನೆ.

"ಪಗಾರ?"

ಅವನಿಗೆ ಐದು ತಿಂಗಳದ್ದು ಬಾಕಿಯಿದೆ, ದಿನಗೂಲಿ.
ನನ್ನ ಬಳಿ ಉತ್ತರವಿರಲಿಲ್ಲ.
ಅಷ್ಟರಲ್ಲಿ ಅವನ ತಲೆ ಕಲ್ಲಿನ ಕಡೆ ಹೊರಳಿತು.
ನನಗೇನೂ ಕಾಣಿಸಲಿಲ್ಲ; ನೀರು ನೀರಿನ ಹಾಗೇ ಇತ್ತು.
"ತಡೀರಿ," ಅಂದ, "ಯಾರೋ ಮುಟ್ಯಾರ."